ಬಿಸಿಲನ್ನು ಮರಳಿಸುವ ಬಣ್ಣ

2010ರ ಮೇ ತಿಂಗಳ ಬಿಸಿಗಾಳಿಯಲ್ಲಿ ಅಹಮದಾಬಾದ್ ನಗರದಲ್ಲಿ ವಾಡಿಕೆಗಿಂತ 1,300ಕ್ಕೂ ಹೆಚ್ಚು ಮಂದಿ ಅಧಿಕವಾಗಿ ಮರಣ ಹೊಂದಿದರು. ಬೇಸಿಗೆಯ ಬೇಗೆ ತಗಡಿನ ಮಾಡಿನ ಕೆಳಗೆ ಬಾಳುವವರನ್ನು ಎಲ್ಲರಿಗಿಂತ ಮೊದಲು ತಟ್ಟುತ್ತದೆ. ಉಳ್ಳವರು ಹವಾನಿಯಂತ್ರಣ ಯಂತ್ರದ ಮೊರೆ ಹೋಗುತ್ತಾರೆ. ಆ ಯಂತ್ರವಾದರೋ ಕೋಣೆಯ ಉಷ್ಣವನ್ನು, ತಾನು ಬಳಸಿದ ವಿದ್ಯುತ್ತಿನ ಉಷ್ಣದೊಡನೆ ಸೇರಿಸಿ, ಬೀದಿಗೆ ತಳ್ಳುತ್ತದೆ. ಒಬ್ಬನ ತಂಪು ನೆರೆಯವನ ಬೇಗೆಯಾಗುತ್ತದೆ. ವಿದ್ಯುತ್ತಿನ ಹಂಗಿಲ್ಲದೆ ಮನೆಯನ್ನು ತಂಪಾಗಿಡುವ ಬಗೆಯುಂಟೆ?

ಪ್ರತಿಯೊಂದು ವಸ್ತುವೂ ತನ್ನ ಉಷ್ಣವನ್ನು ಕಣ್ಣಿಗೆ ಕಾಣದ ಅವಕೆಂಪು ಕಿರಣಗಳ ರೂಪದಲ್ಲಿ ಎಡೆಬಿಡದೆ ಹೊರಸೂಸುತ್ತಿರುತ್ತದೆ. ವಾಯುಮಂಡಲವು ಇವುಗಳಲ್ಲಿ ಬಹುಭಾಗವನ್ನು ಹೀರಿಕೊಳ್ಳುತ್ತದೆ. ಆದರೆ ಆಕಾಶ ನಿರ್ಮಲವಾಗಿದ್ದಾಗ, ಸುಮಾರು 8ರಿಂದ 13 ಮೈಕ್ರಾನ್ ಅಲೆಯುದ್ದದ ಕಿರಣಗಳಿಗೆ ಅದು ತೆರೆದ ಕಿಟಕಿಯಂತೆ ದಾರಿ ಬಿಡುತ್ತದೆ. ಅವು ಅತಿಶೀತಲವಾದ ಅಂತರಿಕ್ಷವನ್ನು ಸೇರುತ್ತವೆ.

ಈ ನಿಯಮದ ಪ್ರಯೋಜನವನ್ನು ಭಾರತೀಯರು ಹಿಂದೆಯೇ ಪಡೆದಿದ್ದರು. ಅಲಹಾಬಾದಿನಲ್ಲಿ ತಗ್ಗುಗಳಲ್ಲಿ ಒಣದಂಟು ಹಾಸಿ, ಅದರ ಮೇಲೆ ಆಳವಿಲ್ಲದ ಮಣ್ಣಿನ ತಟ್ಟೆಗಳಲ್ಲಿ ನೀರಿಟ್ಟು, ಚಳಿಗಾಲದ ತಿಳಿಯಾದ ರಾತ್ರಿಗಳಲ್ಲಿ ಮಂಜುಗಡ್ಡೆ ಮಾಡುತ್ತಿದ್ದುದನ್ನು ಸರ್ ರಾಬರ್ಟ್ ಬಾರ್ಕರ್ 1775ರಲ್ಲಿ ವರ್ಣಿಸಿದ್ದಾರೆ. ಆ ನೀರು ಆವಿಯಾಗುವುದರಿಂದಲೂ, ಆಕಾಶಕ್ಕೆ ಉಷ್ಣವನ್ನು ಸೂಸುವುದರಿಂದಲೂ ಹೆಪ್ಪುಗಟ್ಟುತ್ತಿತ್ತು.

ಹಗಲಿನಲ್ಲಿ ಒಂದು ತೊಡಕುಂಟು. ಸೂಸಿಹೋಗುವ ಉಷ್ಣಕ್ಕಿಂತ ಬಿಸಿಲಿನಿಂದ ಬಂದು ಸೇರುವ ಉಷ್ಣವೇ ಹೆಚ್ಚು. ಸಾಮಾನ್ಯ ಬಿಳಿ ಬಣ್ಣವು ಬಿಸಿಲಿನಲ್ಲಿ ಶೇಕಡಾ 80ರಿಂದ 90ರಷ್ಟನ್ನು ಮರಳಿಸಿದರೂ, ಅದರಲ್ಲಿರುವ ಟೈಟಾನಿಯಂ ಡೈಆಕ್ಸೈಡ್ ನೇರಳಾತೀತ ಕಿರಣಗಳನ್ನು ಹೀರಿಕೊಳ್ಳುತ್ತದೆ. 2014ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ವಿಜ್ಞಾನಿಗಳು ಬೆಳ್ಳಿಯ ಮೇಲೆ ಅತಿ ತೆಳುವಾದ ಪದರಗಳನ್ನಿರಿಸಿ, ನಡುಬಿಸಿಲಿನಲ್ಲಿಯೂ ಸುತ್ತಲಿನ ಗಾಳಿಗಿಂತ ಸುಮಾರು 5 ಡಿಗ್ರಿ ತಂಪಾಗಿರುವ ಫಲಕವನ್ನು ನಿರ್ಮಿಸಿದರು. ಆದರೆ ಬೆಳ್ಳಿಯ ಫಲಕ ಬಡವನ ಮಾಡಿಗೆ ಎಟುಕುವಂಥದಲ್ಲ. 2021ರಲ್ಲಿ ಪರ್ಡ್ಯೂ ವಿಶ್ವವಿದ್ಯಾಲಯದ ಶಿಯುಲಿನ್ ರುವಾನ್ ಮತ್ತು ಸಂಗಡಿಗರು ಬೇರಿಯಂ ಸಲ್ಫೇಟಿನಿಂದ ಬಣ್ಣವೊಂದನ್ನು ಸಿದ್ಧಪಡಿಸಿದರು. ಹೊಟ್ಟೆಯ ಕ್ಷಕಿರಣ ಪರೀಕ್ಷೆಗೆ ಮುನ್ನ ರೋಗಿಗೆ ಕುಡಿಸುವ ಬಿಳಿ ದ್ರವದಲ್ಲಿರುವುದೂ ಇದೇ ವಸ್ತು. ಬೇರೆಬೇರೆ ಗಾತ್ರದ ಇದರ ಕಣಗಳು ಬೇರೆಬೇರೆ ಅಲೆಯುದ್ದದ ಬೆಳಕನ್ನು ಚದುರಿಸುವುದರಿಂದ, ಬಿಸಿಲಿನಲ್ಲಿ ಶೇಕಡಾ 98.1ರಷ್ಟು ಮರಳಿಹೋಗುತ್ತದೆ. ಈ ಬಣ್ಣ ಬಳಿದ ಮೈ ನಡುಹಗಲಿನಲ್ಲಿಯೂ ಸುತ್ತಲಿನ ಗಾಳಿಗಿಂತ 4.5 ಡಿಗ್ರಿಗೂ ಹೆಚ್ಚು ತಂಪಾಗಿತ್ತು.

ಇದಕ್ಕೂ ಮಿತಿಗಳುಂಟು. ಮೋಡ ಕವಿದಾಗ, ಗಾಳಿಯಲ್ಲಿ ತೇವ ತುಂಬಿದಾಗ ಆಕಾಶದ ಕಿಟಕಿ ಮುಚ್ಚುತ್ತ ಬರುತ್ತದೆ. ಆದುದರಿಂದ ಕರಾವಳಿಗಿಂತ ಒಣ ಬಯಲುಸೀಮೆಗೆ ಈ ವಿಧಾನ ಹೆಚ್ಚು ಒಗ್ಗುತ್ತದೆ. ಧೂಳು ಕುಳಿತರೆ ಬಣ್ಣದ ಗುಣ ಕುಂದುತ್ತದೆ.

ಪ್ರಯೋಗಶಾಲೆಯ ಬಣ್ಣ ಊರೂರು ತಲುಪುವವರೆಗೆ ಕೈಕಟ್ಟಿ ಕೂರಬೇಕಾಗಿಲ್ಲ. ಅದೇ ಅಹಮದಾಬಾದಿನ ಮಹಾನಗರಪಾಲಿಕೆಯು 2017ರಲ್ಲಿ ಸುಮಾರು 3,000 ಬಡ ಮನೆಗಳ ಮಾಡುಗಳಿಗೆ ಬಿಳಿ ಬಳಿಸುವ ಕಾರ್ಯವನ್ನು ಕೈಗೊಂಡಿತು. ಬರಿಯ ಸುಣ್ಣವೂ ಬಿಸಿಲಿನ ದೊಡ್ಡ ಪಾಲನ್ನು ಬಂದ ದಾರಿಗೇ ಕಳುಹಿಸುತ್ತದೆ. ಮಳೆ ತೊಳೆದಾಗ ಮತ್ತೆ ಬಳಿಯಬೇಕು, ಧೂಳನ್ನು ಆಗಾಗ ತೊಡೆಯಬೇಕು. ಒಂದು ದಿನದ ಅಷ್ಟು ಶ್ರಮ, ಒಂದು ಬೇಸಿಗೆಯ ನೆಮ್ಮದಿಗೆ ಹೆಚ್ಚೇನಲ್ಲ.