ಮಕ್ಕಳ ಪ್ರಯೋಗಶಾಲೆಯ ಮೈಲುತುತ್ತ

ಅಡಿಕೆಗೆ ಮೊದಲ ಮದ್ದು ಹೊಡೆಯುವ ಹೊತ್ತಿಗೇ ಶಾಲೆಗಳೂ ತೆರೆಯುತ್ತವೆ. ಪ್ರೌಢಶಾಲೆಯ ವಿಜ್ಞಾನ ಪಾಠದಲ್ಲಿ ಒಂದು ಪ್ರಯೋಗವಿದೆ. ಮೈಲುತುತ್ತದ ನೀಲಿ ದ್ರಾವಣದಲ್ಲಿ ಉಜ್ಜಿ ತೊಳೆದ ಕಬ್ಬಿಣದ ಮೊಳೆಯನ್ನು ಇಟ್ಟರೆ ಸ್ವಲ್ಪ ಹೊತ್ತಿನಲ್ಲಿ ಮೊಳೆಯ ಮೇಲೆ ಕೆಂಪಗೆ ತಾಮ್ರ ಕೂರುತ್ತದೆ. ದ್ರಾವಣದ ನೀಲಿ ಮಾಸಿ ಹಸಿರಿಗೆ ತಿರುಗುತ್ತದೆ. ಬೋರ್ಡೋ ದ್ರಾವಣ ಹದವಾಗಿದೆಯೇ ಎಂದು ನಾವು ಚಾಕುವಿನ ಅಲಗನ್ನು ಅದ್ದಿ ನೋಡಿ, ಕೆಂಪು ಹತ್ತಿದರೆ ಇನ್ನಷ್ಟು ಸುಣ್ಣದ ನೀರು ಸೇರಿಸುತ್ತೇವಲ್ಲ, ಅದೂ ಇದೇ ಪರೀಕ್ಷೆ.

ಹೀಗಿರುವಾಗ "ಶಾಲೆಗೆ ಒಂದು ಹಿಡಿ ತುತ್ತ ಬೇಕು" ಎಂದು ಮಕ್ಕಳು ಕೇಳುವುದು ಸಹಜ. ಕೊಡಬಹುದು. ಆದರೆ ಕಾಗದದ ಪೊಟ್ಟಣ ಕಟ್ಟಿ ಪಾಟಿಚೀಲಕ್ಕೆ ಹಾಕಿ ಕಳುಹಿಸುವುದು ಮಾತ್ರ ಬೇಡ. ಅದೇ ಚೀಲದಲ್ಲಿ ಬುತ್ತಿಯೂ ಇರುತ್ತದೆ. ನೀಲಿ ಹರಳು ಚಿಕ್ಕ ಮಕ್ಕಳ ಕಣ್ಣಿಗೆ ಬಣ್ಣದ ಕಲ್ಲುಸಕ್ಕರೆಯಂತೆ ಕಾಣುತ್ತದೆ. ಹೊಟ್ಟೆಗೆ ಹೋದರೆ ಉರಿ, ವಾಂತಿಯಷ್ಟೇ ಅಲ್ಲ, ಯಕೃತ್ತು ಮೂತ್ರಪಿಂಡಗಳಿಗೂ ಅಪಾಯ. ಬಿಗಿ ಮುಚ್ಚಳದ ಗಾಜಿನ ಅಥವಾ ಪ್ಲಾಸ್ಟಿಕ್ ಭರಣಿಯಲ್ಲಿ ಹಾಕಿ, ಹೆಸರು ಬರೆದ ಚೀಟಿ ಅಂಟಿಸಿ, ನಾವೇ ಒಯ್ದು ಮೇಷ್ಟರ ಕೈಗೆ ಕೊಡೋಣ. ತಂಪು ಪಾನೀಯದ ಹಳೆಯ ಬಾಟಲಿಯಂತೂ ಕೂಡದು.

ಮೈಲುತುತ್ತಕ್ಕಿಂತ ನಾವು ಹಗುರವಾಗಿ ಕಾಣುವುದು ಸುಣ್ಣವನ್ನು. ಉಸಿರು ಊದಿ ಹಾಲಿನಂತೆ ಬೆಳ್ಳಗಾಗುವುದನ್ನು ತೋರಿಸಲು ಶಾಲೆಗೆ ಸುಣ್ಣದ ತಿಳಿನೀರು ಬೇಕು. ಅದಕ್ಕೆ ಅರಳಿಸಿದ ಸುಣ್ಣ ಸಾಕು. ಅರಳದ ಸುಣ್ಣದ ಹರಳನ್ನು ಕೊಡಬಾರದು. ನೀರು ಸೋಕಿದೊಡನೆ ಅದು ಕುದಿದು ಸಿಡಿಯುವುದನ್ನು ನಾವೆಲ್ಲ ಮನೆಯ ಬಾನಿಯಲ್ಲೇ ಕಂಡಿದ್ದೇವೆ. ಗಂಧಕಾಮ್ಲದ ವಿಷಯದಲ್ಲಿ ಮೇಷ್ಟರು "ಆಮ್ಲವನ್ನು ನೀರಿಗೆ ನಿಧಾನವಾಗಿ ಹಾಕಿ, ನೀರನ್ನು ಆಮ್ಲಕ್ಕೆ ಹಾಕಬೇಡಿ" ಎನ್ನುವುದಕ್ಕೂ ಇಂಥ ಕಾವೇ ಕಾರಣ. ಮೇಲೆ ಬಿದ್ದ ಸ್ವಲ್ಪ ನೀರು ಅಲ್ಲೇ ಕುದಿದು ಆಮ್ಲವನ್ನು ಮುಖಕ್ಕೆ ಎರಚುತ್ತದೆ.

ಕಣ್ಣಿಗೆ ಸುಣ್ಣ ಸಿಡಿದರೆ ಆಮ್ಲಕ್ಕಿಂತಲೂ ಕೆಟ್ಟದ್ದು, ಏಕೆಂದರೆ ಅದು ಒಳಕ್ಕೆ ಇಳಿಯುತ್ತಾ ಹೋಗುತ್ತದೆ. ಆ ಕ್ಷಣದಲ್ಲೇ, ನಿಂತಲ್ಲೇ, ರೆಪ್ಪೆಗಳನ್ನು ಬಿಡಿಸಿ ಹಿಡಿದು ನಲ್ಲಿಯಿಂದಲೋ ಗಿಂಡಿಯಿಂದಲೋ ಶುದ್ಧ ನೀರನ್ನು ಮೂಗಿನ ಕಡೆಯಿಂದ ಹೊರಕ್ಕೆ ಹರಿಯುವಂತೆ ಸುರಿಯಬೇಕು. ಗಡಿಯಾರ ನೋಡಿಕೊಂಡು 20 ನಿಮಿಷ. ಮಗು ಅತ್ತಿತೆಂದು ನಿಲ್ಲಿಸಬಾರದು. ಆಮೇಲೆ ಆಸ್ಪತ್ರೆ. ಹರಳೆಣ್ಣೆ, ತುಪ್ಪ, ಎದೆಹಾಲು ಯಾವುದನ್ನೂ ಹಾಕಬೇಡಿ. ಹುಳಿ ಸುಣ್ಣವನ್ನು ಮುರಿಯುತ್ತದೆಂದು ಪಾಠ ಕಲಿತ ಹುಡುಗ ನಿಂಬೆರಸಕ್ಕೆ ಕೈ ಹಾಕಿಯಾನು, ಅದನ್ನೂ ತಡೆಯಿರಿ. ತುತ್ತ ನುಂಗಿದ್ದರೆ ವಾಂತಿ ಮಾಡಿಸಲು ಹೋಗದೆ, ಭರಣಿಯ ಸಮೇತ ವೈದ್ಯರಲ್ಲಿಗೆ ಓಡುವುದೇ ಸರಿ.

ನಮ್ಮ ಸದಸ್ಯರಲ್ಲಿ ಕೆಲವರು ಶಾಲಾಭಿವೃದ್ಧಿ ಸಮಿತಿಗಳಲ್ಲಿ ಇದ್ದಾರೆ. ಮುಂದಿನ ಸಭೆಗೆ ಹೋದಾಗ ಪ್ರಯೋಗಶಾಲೆಯ ಕಪಾಟನ್ನು ಒಮ್ಮೆ ತೆರೆಸಿ ನೋಡಿ. ಬೀಗವಿದೆಯೇ, ಚೀಟಿಗಳು ಗೆದ್ದಲು ತಿಂದು ಹೋಗಿವೆಯೇ, ಆಮ್ಲದ ಸೀಸೆಗಳು ಮಕ್ಕಳ ತಲೆಯ ಮೇಲಿನ ಹಲಗೆಯಲ್ಲಿವೆಯೇ? ಅವು ಇರಬೇಕಾದ್ದು ಕೆಳಗಿನ ಹಲಗೆಯಲ್ಲಿ. ಕೋಣೆಯಲ್ಲಿ ನಲ್ಲಿ ಇಲ್ಲದಿದ್ದರೆ ಪ್ರಯೋಗದ ದಿನ ಎರಡು ಕೊಡ ನೀರಾದರೂ ತುಂಬಿಟ್ಟಿರಲಿ.

ಪ್ರಯೋಗ ಮುಗಿದ ಮೇಲೆ ಉಳಿದ ನೀಲಿ ದ್ರಾವಣವನ್ನು ಹಳ್ಳಕ್ಕೆ ಚೆಲ್ಲಿಸಬೇಡಿ, ತಾಮ್ರ ಮೀನುಗಳಿಗೆ ವಿಷ. ಚೀಟಿ ಹಚ್ಚಿದ ಒಂದು ಡಬ್ಬಿಯಲ್ಲಿ ಕೂಡಿಡಲು ಹೇಳಿ.