ಆಟ ಕಲಿಸುವ ಮನೆ

ಗುಲ್ವಾಡಿ ಎಂದೊಡನೆ ಸಾಹಿತ್ಯಾಸಕ್ತರಿಗೆ ನೆನಪಾಗುವುದು ಗುಲ್ವಾಡಿ ವೆಂಕಟರಾಯರು ಮತ್ತು 1899ರಲ್ಲಿ ಪ್ರಕಟವಾದ ಅವರ ‘ಇಂದಿರಾಬಾಯಿ’. ಕನ್ನಡದ ಮೊದಲ ಸಾಮಾಜಿಕ ಕಾದಂಬರಿಯೆಂಬ ಮನ್ನಣೆ ಅದಕ್ಕೆ ಸಂದಿದೆ. ಆದರೆ ಕುಂದಾಪುರದ ಆಸುಪಾಸಿನ ಗದ್ದೆ ಬಯಲುಗಳಲ್ಲಿ ದುಡಿಯುವವರನ್ನು ಕೇಳಿ ನೋಡಿ. ಅವರು ಅದೇ ಗ್ರಾಮದ ಸೌಕೂರು ದುರ್ಗಾಪರಮೇಶ್ವರಿಯ ಹೆಸರನ್ನೂ, ಅದರ ಬೆನ್ನಿಗೇ ಸೌಕೂರು ಮೇಳದ ಹೆಸರನ್ನೂ ಹೇಳುವರು. ಒಂದೇ ಊರು ಓದುವವರಿಗೆ ಒಂದು ಕಾರಣಕ್ಕೆ, ಆಟ ನೋಡುವವರಿಗೆ ಇನ್ನೊಂದು ಕಾರಣಕ್ಕೆ ಪ್ರಿಯವಾಗಿದೆ. ಯಕ್ಷಗಾನವನ್ನು ನಮ್ಮ ಕಡೆ ‘ಆಟ’ ಎಂದೇ ಕರೆಯುವುದು ರೂಢಿ. ಈ ಆಟವನ್ನು ಆಡುವವರು ಎಲ್ಲಿ ಕಲಿಯುತ್ತಾರೆ, ಕಲಿತು ಏನಾಗುತ್ತಾರೆ ಎಂಬುದೇ ನನ್ನ ಇಂದಿನ ಮಾತಿನ ವಿಷಯ.

ಈ ಪ್ರಶ್ನೆಯನ್ನು ನನಗೆ ಮೊದಲು ಹಾಕಿದವರು ವಿದ್ವಾಂಸರಲ್ಲ. ನಾನು ಉಪಾಧ್ಯಾಯನಾಗಿದ್ದ ಕಾಲದಲ್ಲಿ, ಸುಮಾರು ನಲವತ್ತು ವರ್ಷಗಳ ಹಿಂದೆ, ನನ್ನ ತರಗತಿಯ ಹುಡುಗನೊಬ್ಬನು ಆಟ ಕಲಿಯಲು ಹೋಗುತ್ತೇನೆಂದು ಹಟ ಹಿಡಿದನು. ಅವನ ತಂದೆ ಒಂದು ಸಂಜೆ ನಮ್ಮ ಮನೆಯ ಜಗಲಿಗೆ ಬಂದು ಕುಳಿತು, ಬಹಳ ಹೊತ್ತು ಸುಮ್ಮನಿದ್ದು, ಕೊನೆಗೆ ಕೇಳಿದರು: “ಆಟ ಕಲ್ತ್ರೆ ಹೊಟ್ಟಿ ತುಂಬತ್ತಾ ಮಾಷ್ಟ್ರೇ?” ನಾನು ಕಲೆಯ ಹಿರಿಮೆಯನ್ನು ಕುರಿತು ಏನೇನೋ ಹೇಳಿದೆ. ಅವರು ಕೇಳಿದ್ದು ಅದನ್ನಲ್ಲವೆಂಬುದು ಅವರು ಎದ್ದುಹೋದ ಮೇಲೆ ನನಗೆ ಹೊಳೆಯಿತು.

ಹಿಂದೆ ಆಟಕ್ಕೆ ಪ್ರತ್ಯೇಕ ಶಾಲೆ ಬೇಕಾಗಿರಲಿಲ್ಲ. ನವರಾತ್ರಿ ಬಂತೆಂದರೆ ‘ಹೂವಿನಕೋಲು’ ಹೊರಡುತ್ತಿತ್ತು. ಭಾಗವತರೊಬ್ಬರು, ಮದ್ದಲೆಯವರೊಬ್ಬರು, ಜೊತೆಗೆ ಹೂವಿನಿಂದ ಸಿಂಗರಿಸಿದ ಕೋಲು ಹಿಡಿದ ಮಕ್ಕಳು ಮನೆಮನೆಗೆ ಹೋಗುವರು. ಪ್ರಸಂಗದ ಒಂದು ಭಾಗವನ್ನು ಭಾಗವತರು ಹಾಡಿದರೆ ಮಕ್ಕಳು ಎದುರುಬದುರು ಕುಳಿತು ಅರ್ಥ ಹೇಳುವರು. ಅಲ್ಲಿ ನಾಲಗೆ ಪಳಗಿದ ಹುಡುಗನು ಮೇಳ ಸೇರಿದರೆ ಮೊದಲು ಕೋಡಂಗಿಯಾಗುತ್ತಿದ್ದ. ಆಮೇಲೆ ಬಾಲಗೋಪಾಲ, ಆಮೇಲೆ ಪೀಠಿಕೆಯ ಸ್ತ್ರೀವೇಷ. ಹೀಗೆ ವರ್ಷಗಳು ಸಂದ ಬಳಿಕ ಕೇದಗೆ ಮುಂದಲೆಯ ತರುಣ ವೀರರ ಪಾತ್ರ. ತಲೆಯೂ ತೂಕ ತಡೆಯುವಂತಾದ ಮೇಲೆ ದೊಡ್ಡ ಮುಂಡಾಸಿನ ರಾಜವೇಷ. ಒಂದು ಮೆಟ್ಟಿಲು ಹತ್ತಿದವನು ಮುಂದಿನ ಮೆಟ್ಟಿಲಿನವರನ್ನು ಚೌಕಿಯಲ್ಲಿ, ಎಂದರೆ ಬಣ್ಣದ ಮನೆಯಲ್ಲಿ, ರಾತ್ರಿಯಿಡೀ ನೋಡಿ ಕಲಿಯುತ್ತಿದ್ದನು.

ಈ ಏಣಿಯ ಕೆಳಗಿನ ಮೆಟ್ಟಿಲುಗಳೆಲ್ಲ ಇದ್ದದ್ದು ಆಟದ ಮೊದಲ ಭಾಗವಾದ ಪೂರ್ವರಂಗದಲ್ಲಿ ಎಂಬುದನ್ನು ಗಮನಿಸಬೇಕು. ನುರಿತ ಪ್ರೇಕ್ಷಕರು ಇನ್ನೂ ಊಟ ಮುಗಿಸಿ ಬರುತ್ತಿರುವಾಗ ರಂಗದ ಮೇಲೆ ಎಳೆಯರು ತಪ್ಪುಹೆಜ್ಜೆ ಹಾಕಿ ಸರಿಹೆಜ್ಜೆ ಕಲಿಯುತ್ತಿದ್ದರು. ತಪ್ಪಲು ಅವಕಾಶವಿದ್ದುದೇ ಆ ಶಾಲೆಯ ದೊಡ್ಡ ಗುಣ. ಮುಂದೆ ಟಿಕೇಟಿನ ಡೇರೆ ಮೇಳಗಳು ಬಂದವು. ಹಣ ಕೊಟ್ಟು ಬಂದವನಿಗೆ ಪ್ರಸಿದ್ಧರ ವೇಷವೇ ಬೇಕಾಯಿತು. ಇನ್ನೂ ಈಚೆಗೆ, ಬೆಳಗಿನವರೆಗೆ ನಡೆಯುತ್ತಿದ್ದ ಅನೇಕ ಆಟಗಳು ಕಾಲಮಿತಿಗೆ ಒಳಪಟ್ಟು ನಡುರಾತ್ರಿಯ ಹೊತ್ತಿಗೆ ಮುಗಿಯತೊಡಗಿದವು. ಹೊತ್ತು ಕಡಿಮೆಯಾದಾಗ ಮೊದಲು ಕತ್ತರಿ ಬೀಳುವುದು ಪೂರ್ವರಂಗಕ್ಕೆ. ಅದನ್ನು ಕತ್ತರಿಸಿದವರು ತಾವು ಬೇಸರದ ಭಾಗವನ್ನು ತೆಗೆದೆವೆಂದು ತಿಳಿದರು, ತೆಗೆದದ್ದು ಪಾಠಶಾಲೆಯನ್ನು.

ಆಟದ ಶಾಲೆಗಳ ಹುಟ್ಟನ್ನು ಈ ಹಿನ್ನೆಲೆಯಲ್ಲಿ ನೋಡಬೇಕು. 1971ರಲ್ಲಿ ಉಡುಪಿಯ ಮಹಾತ್ಮಾ ಗಾಂಧಿ ಸ್ಮಾರಕ ಕಾಲೇಜಿನ ಆಶ್ರಯದಲ್ಲಿ, ಕು. ಶಿ. ಹರಿದಾಸ ಭಟ್ಟರ ಸಂಘಟನೆ ಮತ್ತು ಕೋಟ ಶಿವರಾಮ ಕಾರಂತರ ದೃಷ್ಟಿ ಕೂಡಿ, ಯಕ್ಷಗಾನ ಕೇಂದ್ರವು ಆರಂಭವಾಯಿತು. ನೀಲಾವರ ರಾಮಕೃಷ್ಣಯ್ಯ, ಹಿರಿಯಡಕ ಗೋಪಾಲರಾವ್, ಮಟಪಾಡಿ ವೀರಭದ್ರ ನಾಯಕರಂಥವರು ಅಲ್ಲಿ ಕಲಿಸಿದರು. ಜೀವಮಾನವಿಡೀ ಮೇಳದಲ್ಲಿ ಕಲಿತದ್ದನ್ನು ಅವರು ಬಿಡಿಸಿ, ಪಾಠವಾಗಿ ಅಳವಡಿಸಬೇಕಾಯಿತು. ಇದು ಸುಲಭವಲ್ಲ. ನೋಡಿ ಕಲಿತವನಿಗೆ ತಾನು ಹೇಗೆ ಕಲಿತೆನೆಂಬುದು ಅನೇಕ ವೇಳೆ ತಿಳಿದಿರುವುದಿಲ್ಲ.

ಇಂಥ ಶಾಲೆಯಲ್ಲಿ ಮೊದಲ ಪಾಠ ತಾಳದ್ದು. ಕೈಯಲ್ಲಿ ತಾಳ ಹಾಕಿ, ಬಾಯಲ್ಲಿ ಬಾಯಿತಾಳ ಹೇಳಿ, ಕಾಲಿಗೆ ಹೆಜ್ಜೆ ಕೊಡುವುದು. ಮೂರೂ ಒಂದಾಗುವವರೆಗೆ ಬೇರೆ ಮಾತಿಲ್ಲ. ಅನಂತರ ಒಡ್ಡೋಲಗದ ಕುಣಿತ, ಯುದ್ಧದ ಕುಣಿತ, ಪದ್ಯದ ಭಾವಕ್ಕೆ ತಕ್ಕ ಅಭಿನಯ. ಮುಖಕ್ಕೆ ಬಣ್ಣ ಬರೆದುಕೊಳ್ಳುವುದು, ತಲೆಗೆ ಮುಂಡಾಸು ಕಟ್ಟಿಸಿಕೊಂಡು ಅದರ ಬಿಗಿತವನ್ನು ತಾಳಿಕೊಳ್ಳುವುದು ಇವೂ ಪಾಠವೇ. ಎಲ್ಲಕ್ಕಿಂತ ಕಷ್ಟದ್ದು ಮಾತು. ಆಟದಲ್ಲಿ ಬರೆದಿಟ್ಟ ಸಂಭಾಷಣೆಯಿಲ್ಲ. ಭಾಗವತರು ಪದ್ಯ ಹಾಡುತ್ತಾರೆ, ಪಾತ್ರಧಾರಿಯು ಅದರ ಅರ್ಥವನ್ನು ಆ ಕ್ಷಣದಲ್ಲಿ ಮಾತಾಗಿಸಬೇಕು. ಎದುರಿನವನ ಪ್ರಶ್ನೆಗೆ ಉತ್ತರ ಕೊಡಬೇಕು. ಇದಕ್ಕೆ ಪುರಾಣ ತಿಳಿದಿರಬೇಕು, ಭಾಷೆ ಕೈವಶವಾಗಿರಬೇಕು, ಧೈರ್ಯವೂ ಬೇಕು. ಕುಣಿತವನ್ನು ಒಂದೆರಡು ವರ್ಷಗಳಲ್ಲಿ ಕಲಿಸಬಹುದು. ಮಾತನ್ನು ಕಲಿಸಿದೆವೆಂದು ಯಾವ ಗುರುವೂ ಹೇಳಲಾರನು.

ಮಕ್ಕಳ ಮಟ್ಟಿಗೆ ಇದೇ ಕೆಲಸವನ್ನು 1975ರಲ್ಲಿ ಆರಂಭವಾದ ಸಾಲಿಗ್ರಾಮ ಮಕ್ಕಳ ಮೇಳವು ಮಾಡಿತು. ಎಚ್. ಶ್ರೀಧರ ಹಂದೆ ಮತ್ತು ಕಾರ್ಕಡ ಶ್ರೀನಿವಾಸ ಉಡುಪರು ಕಟ್ಟಿದ ಆ ಮೇಳದ ಮಕ್ಕಳು ವಿದೇಶಕ್ಕೂ ಹೋಗಿ ಆಡಿ ಬಂದರು. ಹೊನ್ನಾವರದ ಬಳಿಯ ಗುಣವಂತೆಯಲ್ಲಿ ಕೆರೆಮನೆ ಶಂಭು ಹೆಗಡೆಯವರು 1986ರಲ್ಲಿ ಶ್ರೀಮಯ ಕಲಾಕೇಂದ್ರವನ್ನು ಸ್ಥಾಪಿಸಿದರು. ಈ ಶತಮಾನದಲ್ಲಿ ಉಡುಪಿಯ ಯಕ್ಷಶಿಕ್ಷಣ ಟ್ರಸ್ಟ್ ಪ್ರೌಢಶಾಲೆಗಳಿಗೇ ಗುರುಗಳನ್ನು ಕಳುಹಿಸಿ ಕಲಿಸುವ ಏರ್ಪಾಡನ್ನು ಮಾಡಿತು.

ಇಷ್ಟು ಶಾಲೆಗಳಿಂದ ಎಷ್ಟು ಮಂದಿ ಮಹಾನಟರು ಬಂದರು ಎಂದು ಕೇಳುವವರುಂಟು. ಕೇಳುವುದು ತಪ್ಪಲ್ಲ. ಯಕ್ಷಗಾನದಲ್ಲಿ ಮೊದಲ ಬಾರಿಗೆ, 2012ರಲ್ಲಿ, ಪದ್ಮಶ್ರೀ ಪ್ರಶಸ್ತಿಗೆ ಪಾತ್ರರಾದ ಚಿಟ್ಟಾಣಿ ರಾಮಚಂದ್ರ ಹೆಗಡೆಯವರು ಇಂಥ ಯಾವ ಶಾಲೆಯ ಮಕ್ಕಳೂ ಅಲ್ಲ. ಮೇಳವೇ ಅವರ ಶಾಲೆ. ಪ್ರತಿಭೆಯನ್ನು ಶಾಲೆ ಹುಟ್ಟಿಸದು. ಹಾಗಾದರೆ ಶಾಲೆಯ ಫಲವನ್ನು ಯಾವುದರಿಂದ ಅಳೆಯಬೇಕು?

ನನಗೆ ತೋರುವ ಅಳತೆ ಬೇರೆ. ಬನ್ನಂಜೆ ಸಂಜೀವ ಸುವರ್ಣರನ್ನು ನೋಡಿ. ವೀರಭದ್ರ ನಾಯಕರ ಶಿಷ್ಯರಾಗಿ ಕಲಿತ ಅವರು ಮುಂದೆ ಉಡುಪಿಯ ಅದೇ ಕೇಂದ್ರದ ಗುರುಗಳಾದರು. ಶಿಷ್ಯರು ಕೇಂದ್ರದಲ್ಲೇ ಉಳಿದು, ಹಗಲು ಶಾಲೆಗೆ ಹೋಗಿ, ಬೆಳಗು ಬೈಗುಗಳಲ್ಲಿ ಅಭ್ಯಾಸ ಮಾಡುವ ಗುರುಕುಲದ ಕ್ರಮವನ್ನು ಅವರು ನಡೆಸಿಕೊಂಡು ಬಂದರು. ಘಟ್ಟ ಹತ್ತಿದರೆ ಆಧುನಿಕ ನಾಟಕದಲ್ಲಿಯೂ ಇದೇ ಮಾತಿಗೆ ಸಾಕ್ಷ್ಯ ಸಿಗುತ್ತದೆ. ಸಾಗರದ ಬಳಿಯ ಹೆಗ್ಗೋಡೆಂಬ ಹಳ್ಳಿಯಲ್ಲಿ ಕೆ. ವಿ. ಸುಬ್ಬಣ್ಣನವರ ನೀನಾಸಮ್ 1980ರಲ್ಲಿ ರಂಗಶಿಕ್ಷಣ ಕೇಂದ್ರವನ್ನು ತೆರೆಯಿತು. 1985ರಿಂದ ಅದರ ‘ತಿರುಗಾಟ’ ನಾಟಕಗಳನ್ನು ಊರೂರಿಗೆ ಕೊಂಡೊಯ್ದಿತು. ಅಲ್ಲಿ ಕಲಿತ ಅಚ್ಯುತಕುಮಾರರನ್ನು ಚಲನಚಿತ್ರ ನೋಡುವವರೆಲ್ಲ ಬಲ್ಲರು. ಆದರೆ ಅಲ್ಲಿಯೇ ಕಲಿತ ಮಂಡ್ಯ ರಮೇಶ್ ಮೈಸೂರಿನಲ್ಲಿ ‘ನಟನ’ವನ್ನು ಕಟ್ಟಿ ಮತ್ತೆ ಎಳೆಯರಿಗೆ ಕಲಿಸುತ್ತಿರುವುದನ್ನು ನಾನು ಹೆಚ್ಚಿನ ಫಲವೆಂದು ಎಣಿಸುತ್ತೇನೆ. ಕಲಿತವನು ಮತ್ತೊಬ್ಬನಿಗೆ ಕಲಿಸಿದಾಗಲೇ ಶಾಲೆ ಮೇಳದ ಏಣಿಯ ಕೆಲಸವನ್ನು ಮಾಡಿತೆಂದು ಹೇಳಬಹುದು.

ಶಾಲೆಗಳಿಂದಾದ ಇನ್ನೊಂದು ಲಾಭವಿದೆ. ವೃತ್ತಿಮೇಳಗಳಲ್ಲಿ ಸ್ತ್ರೀವೇಷವನ್ನೂ ಗಂಡಸರೇ ಮಾಡಿದವರು. ಊರೂರು ಅಲೆದು ಚೌಕಿಯಲ್ಲಿ ಮಲಗುವ ಆ ಬಾಳಿನಲ್ಲಿ ಹುಡುಗಿಗೆ ಎಡೆಯಿರಲಿಲ್ಲ. ಶಾಲೆಯ ಅಂಗಳದಲ್ಲಿ ಆ ಅಡ್ಡಿಯಿಲ್ಲ. ಇಂದು ಪ್ರೌಢಶಾಲೆಯ ಹುಡುಗಿಯರು ಗೆಜ್ಜೆ ಕಟ್ಟಿ ಅರ್ಜುನರಾಗಿ, ಕರ್ಣರಾಗಿ ಕುಣಿಯುತ್ತಾರೆ. ವಿದ್ಯೆಗಾಗಿ ಹಂಬಲಿಸಿದ ಎಳೆಯ ವಿಧವೆಯ ಕಥೆಯನ್ನು ಬರೆದ ಗುಲ್ವಾಡಿಯ ವೆಂಕಟರಾಯರು ಇದನ್ನು ಕಂಡಿದ್ದರೆ ಸಂತೋಷಪಡುತ್ತಿದ್ದರೆಂದು ನನ್ನ ನಂಬಿಕೆ.

ಹಾಗೆಂದು ಎಲ್ಲವೂ ನೆಟ್ಟಗಿದೆಯೆಂದು ಭಾವಿಸಬಾರದು. ಶಾಲೆಯಲ್ಲಿ ಗುರುವಿದ್ದಾನೆ, ಗದ್ದೆಯಲ್ಲಿ ಚಾಪೆ ಹಾಸಿ ಕುಳಿತು, ಹಿಡಿಸದಿದ್ದರೆ ಎದ್ದುಹೋಗುವ ಪ್ರೇಕ್ಷಕನಿಲ್ಲ. ಆ ಪರೀಕ್ಷಕನ ಮುಂದೆ ನಿಲ್ಲದೆ ನಟನಾಗುವುದು ಸಾಧ್ಯವಿಲ್ಲ. ಆದ್ದರಿಂದ ಮೇಳಗಳು ದಿನಕ್ಕೆ ಅರ್ಧ ಗಂಟೆಯನ್ನಾದರೂ ಪೂರ್ವರಂಗಕ್ಕೆ ಮೀಸಲಿಟ್ಟು ಶಾಲೆಯ ಮಕ್ಕಳನ್ನು ಅಲ್ಲಿ ಕುಣಿಸಬೇಕು ಎಂಬುದು ನನ್ನ ಬೇಡಿಕೆ. ನಾವು ಪ್ರೇಕ್ಷಕರೂ ಸ್ವಲ್ಪ ಬೇಗ ಹೋಗಿ ಕುಳಿತುಕೊಳ್ಳಬೇಕು.

ನನ್ನ ಆ ವಿದ್ಯಾರ್ಥಿಯ ವಿಚಾರಕ್ಕೆ ಬರುತ್ತೇನೆ. ಅವನು ಕಲಿತನು, ಕೆಲವು ವರ್ಷ ಮೇಳದಲ್ಲಿ ತಿರುಗಿದನು, ದೊಡ್ಡ ಹೆಸರೇನೂ ಆಗಲಿಲ್ಲ. ಮೇಳ ಹೊರಡುವುದು ಮಳೆಗಾಲ ಕಳೆದ ಮೇಲೆ, ಒಳಗಾಗುವುದು ಮಳೆಗಾಲದ ಮುನ್ನ. ನಡುವಿನ ತಿಂಗಳುಗಳಲ್ಲಿ ಅವನು ಸಿಕ್ಕಿದ ಕೂಲಿ ಮಾಡಿದನು. ಈಗ ಒಂದು ಅಂಗಡಿಯಲ್ಲಿ ಲೆಕ್ಕ ಬರೆಯುತ್ತಾನೆ. ಸಂಜೆ ಊರ ಮಕ್ಕಳಿಗೆ ಹೆಜ್ಜೆ ಹೇಳಿಕೊಡುತ್ತಾನೆ. ಕಳೆದ ವರ್ಷ ಆ ಮಕ್ಕಳ ಆಟಕ್ಕೆ ಹೋಗಿದ್ದೆ. ಮುಂದಿನ ಸಾಲಿನಲ್ಲಿ ಅವನ ತಂದೆ, ಈಗ ಬಹಳ ಮುದುಕರು, ಕುಳಿತಿದ್ದರು. ಬಾಲಗೋಪಾಲರಾಗಿ ಬಂದವರಲ್ಲಿ ಒಬ್ಬಳು ಅವರ ಮೊಮ್ಮಗಳು. ಅವಳ ಹೆಜ್ಜೆ ಒಂದು ಕಡೆ ತಪ್ಪಿತು, ಮದ್ದಲೆಯವರು ಕಾದರು, ಅವಳು ಸರಿಪಡಿಸಿಕೊಂಡಳು.

ಮುದುಕರು ನನ್ನ ಕಡೆ ತಿರುಗಿ ನಕ್ಕರು. ಹೊಟ್ಟೆಯ ಪ್ರಶ್ನೆಯನ್ನು ಅವರು ಮತ್ತೆ ಕೇಳಲಿಲ್ಲ. ಕೇಳಿದ್ದರೆ, ಪೂರ್ತಿ ತುಂಬುವುದಿಲ್ಲವೆಂಬ ನಿಜವನ್ನೇ ಈ ಸಲ ನಾನು ಹೇಳುತ್ತಿದ್ದೆ.