ಗೊಥೆನ್‌ಬರ್ಗಿನ ಕಾಲು, ಗ್ರೀನ್‌ವಿಲ್ಲಿನ ಓಟ

ಸ್ವೀಡನ್ನಿನ ಪಶ್ಚಿಮ ಕರಾವಳಿಯ ಬಂದರುಪಟ್ಟಣವಾದ ಗೊಥೆನ್‌ಬರ್ಗಿನಲ್ಲಿ 1948ರಲ್ಲಿ ಜನಿಸಿ, ನಾವೆಲ್ಲ ಬಲ್ಲ ಕಾಲ್ಚೆಂಡಾಟದಲ್ಲಿಯೇ ಪಳಗಿದ್ದ ಊವೆ ಯೋಹಾನ್ಸನ್ನರು, ಟೆಕ್ಸಾಸಿನ ಅಬಿಲೀನ್ ಕ್ರಿಶ್ಚಿಯನ್ ವಿದ್ಯಾಲಯದ ಪರವಾಗಿ ತಮ್ಮ 28ನೆಯ ವಯಸ್ಸಿನಲ್ಲಿ ಅಮೆರಿಕನ್ ಫುಟ್‌ಬಾಲಿನ ಅಂಡಾಕಾರದ ಚೆಂಡನ್ನು ಒದೆಯತೊಡಗಿದಾಗ, ಅದೇ ತಂಡದಲ್ಲಿ ಮಿಸಿಸಿಪ್ಪಿಯ ಗ್ರೀನ್‌ವಿಲ್ಲಿನಿಂದ ಬಂದ ವಿಲ್ಬರ್ಟ್ ಮಾಂಟ್ಗೊಮೆರಿ ಎಂಬ ಅಸಾಧಾರಣ ರನ್ನಿಂಗ್ ಬ್ಯಾಕ್ ಇದ್ದರು. ಚೆಂಡನ್ನು ಎದೆಗವಚಿಕೊಂಡು, ತನ್ನನ್ನು ನೆಲಕ್ಕುರುಳಿಸಲೆಂದೇ ನಿಂತಿರುವ ಎದುರಾಳಿಗಳ ಸಂದಿನಲ್ಲಿ ನುಸುಳಿ ಓಡುವುದು ರನ್ನಿಂಗ್ ಬ್ಯಾಕಿನ ಧರ್ಮ. ಆತನ ಕೀರ್ತಿ ಗಜಗಜವಾಗಿ, ಪೆಟ್ಟಿನ ಮೇಲೆ ಪೆಟ್ಟು ತಿಂದು ಸಂಚಯವಾಗತಕ್ಕದ್ದು. ಚೆಂಡನ್ನು ಎರಡು ಕಂಬಗಳ ನಡುವೆ, ಅಡ್ಡಪಟ್ಟಿಯ ಮೇಲೆ ಹಾಯಿಸುವ ಒದೆಗಾರನ ಭಾಗ್ಯವಾದರೋ ಒಂದೆರಡು ಕ್ಷಣಗಳಲ್ಲಿ ನಿರ್ಣಯವಾಗುತ್ತದೆ.

ಇವೆರಡೂ 1976ರ ಅಕ್ಟೋಬರ್ 16ರಂದು ಅಬಿಲೀನಿನ ಶಾಟ್‌ವೆಲ್ ಕ್ರೀಡಾಂಗಣದಲ್ಲಿ ಸಂಗಮಿಸಿದವು. ಈಸ್ಟ್ ಟೆಕ್ಸಾಸ್ ಸ್ಟೇಟ್ ತಂಡದ ವಿರುದ್ಧ ಮಾಂಟ್ಗೊಮೆರಿಯವರು ಮತ್ತೊಬ್ಬ ಖ್ಯಾತ ರನ್ನಿಂಗ್ ಬ್ಯಾಕ್ ವಾಲ್ಟರ್ ಪೇಟನ್ನರನ್ನು ಮೀರಿಸಿ ಕಾಲೇಜು ಆಟದಲ್ಲಿ, ಚೆಂಡನ್ನು ಎದುರಾಳಿಯ ಕೊನೆಗೆರೆಯಾಚೆ ಒಯ್ಯುವ ಟಚ್‌ಡೌನ್‌ಗಳ ಹೊಸ ದಾಖಲೆಯನ್ನು ಸ್ಥಾಪಿಸಿದ ಆ ಪಂದ್ಯದಲ್ಲಿಯೇ ಯೋಹಾನ್ಸನ್ನರು 69 ಗಜಗಳ, ಎಂದರೆ ಸುಮಾರು 63 ಮೀಟರುಗಳ ದೂರದಿಂದ ಗುರಿ ಸಾಧಿಸಿದರು. ಬೂಟಿನ ತುದಿಯಿಂದ ನೇರವಾಗಿ ಒದೆಯುವ ಅಮೆರಿಕದ ಪದ್ಧತಿಗೆ ಬದಲಾಗಿ, ಓರೆಯಾಗಿ ಓಡಿಬಂದು ಪಾದದ ಮೇಲ್ಬೆನ್ನಿನಿಂದ ಹೊಡೆಯುವ ಐರೋಪ್ಯ ವಿಧಾನ ಅವರದು. 1964ರಲ್ಲಿ ಹಂಗೆರಿ ಮೂಲದ ಪೀಟ್ ಗೊಗೊಲಾಕರು ವೃತ್ತಿಪರ ಕಣಕ್ಕೆ ತಂದ ಈ ಕ್ರಮವೇ ಕಾಲಾಂತರದಲ್ಲಿ ಸಾರ್ವತ್ರಿಕವಾಯಿತು. ಅದೇ ದಿನ ಟೆಕ್ಸಾಸ್ ಎ ಅಂಡ್ ಎಂ ತಂಡದ ಟೋನಿ ಫ್ರಾಂಕ್ಲಿನ್ನರು 65 ಗಜಗಳ ಒದೆತವನ್ನು ಸಾಧಿಸಿದ್ದರೂ, ಕಾಲೇಜು ಕ್ರೀಡೆಯ ಇತಿಹಾಸದಲ್ಲಿ ಅಗ್ರಸ್ಥಾನ ಸ್ವೀಡನ್ನಿನವರದೇ ಆಗಿ ಉಳಿದಿದೆ.

1977ರಲ್ಲಿ ಇಬ್ಬರೂ ಫಿಲಡೆಲ್ಫಿಯಾ ಈಗಲ್ಸ್ ತಂಡದ ಸಮವಸ್ತ್ರವನ್ನು ಧರಿಸಿದರು; ಆದರೆ ವೃತ್ತಿಕ್ರೀಡೆಯ ನಿಷ್ಠುರ ತುಲಾದಂಡ ಅವರನ್ನು ಬೇರೆಬೇರೆಯಾಗಿ ತೂಗಿತು. ಎರಡು ಪಂದ್ಯಗಳಲ್ಲಿ ನಾಲ್ಕು ಯತ್ನಗಳ ಪೈಕಿ ಒಂದರಲ್ಲಿ ಮಾತ್ರ ಸಫಲರಾದ ಯೋಹಾನ್ಸನ್ನರ ವೃತ್ತಿಜೀವನ ಅಲ್ಲಿಗೇ ಪರಿಸಮಾಪ್ತವಾಯಿತು. ವೃತ್ತಿಪರ ತಂಡಗಳು ಕಾಲೇಜು ಆಟಗಾರರನ್ನು ಸರದಿಯಂತೆ ಆರಿಸಿಕೊಳ್ಳುವ ಡ್ರಾಫ್ಟಿನ ಆರನೆಯ ಸುತ್ತಿನಲ್ಲಿ ಆಯ್ಕೆಯಾಗಿದ್ದ ಮಾಂಟ್ಗೊಮೆರಿಯವರಾದರೋ 1979ರಲ್ಲಿ 1,512 ಗಜಗಳನ್ನು ಓಡಿ, 1981ರ ಜನವರಿ 11ರ ಕೊರೆಯುವ ಚಳಿಯಲ್ಲಿ ಡಲ್ಲಾಸ್ ತಂಡದೆದುರು 194 ಗಜಗಳನ್ನು ಗಳಿಸಿ, ಈಗಲ್ಸನ್ನು ಮೊದಲ ಬಾರಿಗೆ ವೃತ್ತಿಪರ ಆಟದ ಅಂತಿಮ ಪಂದ್ಯವಾದ ಸೂಪರ್ ಬೌಲಿಗೆ ಕೊಂಡೊಯ್ದರು. ಆ ತಂಡಕ್ಕಾಗಿ ಅವರು ಓಡಿದ 6,538 ಗಜಗಳ ದಾಖಲೆ 2014ರವರೆಗೆ ಅಭೇದ್ಯವಾಗಿ ನಿಂತಿತು.

ಕಾಲೇಜಿನ ಆಟವೆಂಬುದು ವೃತ್ತಿಜೀವನದ ಪೀಠಿಕೆ ಮಾತ್ರವೆಂದು ಎಣಿಸುವ ರೂಢಿ ಇಂದು ಬಲವಾಗಿದೆ. ಅದು ನನಗೆ ಸಮ್ಮತವಲ್ಲ. ಮಾಂಟ್ಗೊಮೆರಿಯವರ ದೀರ್ಘ ಸಾಧನೆಗೆ ಸಲ್ಲುವ ಗೌರವವನ್ನು ಕಿಂಚಿತ್ತೂ ಕುಗ್ಗಿಸದೆಯೇ, ವೇತನದ ಆಸರೆಯಿಲ್ಲದ ವಿದ್ಯಾರ್ಥಿಯೊಬ್ಬನು ಪರದೇಶದ ಅಪರಿಚಿತ ಆಟದಲ್ಲಿ ತನ್ನ ನಾಡಿನ ಕಲಿಕೆಯಿಂದಲೇ ತಲಪಿದ ಆ ಎತ್ತರವನ್ನೂ ಸ್ವಯಂಪೂರ್ಣವಾದ ಸಿದ್ಧಿಯೆಂದು ನಾವು ಮನ್ನಿಸಬೇಕು. ಏಕೆಂದರೆ ತರುವಾಯದ ವೈಫಲ್ಯ ಹಿಂದಿನ ಸಾರ್ಥಕತೆಯನ್ನು ಅಳಿಸಲಾರದು.